ಸೂತಕವನ್ನು ಕಳೆದ ತಾಯಂದಿರು



ಕರುಣೆಯೆಂಬ ಮಾತು ಎಲ್ಲರ ನಾಲಗೆಯ ಮೇಲೂ ಇದೆ. ಆದರೆ ಕರುಣೆಯಲ್ಲಿ ಎರಡು ಬಗೆಗಳುಂಟೆಂಬುದನ್ನು ನಾವು ವಿಚಾರಿಸುವುದು ಕಡಮೆ. ಗಿಳಿಗೆ ಹಣ್ಣನ್ನು ಕೊಡುವುದು, ಎಳೆಗರುವಿನ ಮೈದಡವುವುದು, ನವಿಲನ್ನು ಕಂಡು ಹಿಗ್ಗುವುದು ಒಂದು ಬಗೆ. ಇದರಲ್ಲಿ ಕೊಡುವವನಿಗೂ ಸುಖವುಂಟು; ಆದುದರಿಂದ ಇದು ಸುಲಭ. ನೋಡಿದರೆ ಮುಖ ತಿರುಗಿಸುವಂತಹ, ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುವಂತಹ, ಅಪಶಕುನವೆಂದು ಹಿರಿಯರಿಂದ ಕೇಳುತ್ತ ಬಂದಂತಹ ಜೀವಿಯನ್ನು ನಮ್ಮದೆಂದು ಒಪ್ಪಿಕೊಳ್ಳುವುದು ಎರಡನೆಯ ಬಗೆ. ಇದು ಕಷ್ಟ. ಧರ್ಮದ ಪರೀಕ್ಷೆ ನಡೆಯತಕ್ಕದ್ದು ಈ ಎರಡನೆಯ ಸ್ಥಳದಲ್ಲಿಯೇ.

ಹನ್ನೆರಡನೆಯ ಶತಮಾನದ ಶರಣರು ಈ ಪರೀಕ್ಷೆಗೆ ಹಿಂಜರಿಯಲಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅವರು ಅಲ್ಲಗಳೆದರು. ಕೊಳಕನ್ನು ಮುಟ್ಟುವ ಕೈಯೇ ಕೊಳಕೆಂಬ ಲೋಕದ ತೀರ್ಮಾನವನ್ನು ಅವರು ತಿರುವಿಹಾಕಿದರು. ತೊಗಲನ್ನು ಹದಮಾಡುವ ಡೋಹರ ಕಕ್ಕಯ್ಯನವರೂ, ಮಾದಾರ ಚೆನ್ನಯ್ಯನವರೂ ಶರಣರ ಮಧ್ಯದಲ್ಲಿ ಹಿರಿಯರೆನಿಸಿದರು. ಅವರ ಮನೆಯ ಮಗನೆಂದು ಹೇಳಿಕೊಳ್ಳುವುದರಲ್ಲಿ ಬಸವಣ್ಣನವರು ಹೆಮ್ಮೆಪಟ್ಟರು. ಕಸಗುಡಿಸುವುದನ್ನೇ ಕಾಯಕವಾಗಿ ಹಿಡಿದ ಸತ್ಯಕ್ಕನು ವಚನಕಾರ್ತಿಯರ ಸಾಲಿನಲ್ಲಿ ಪೂಜ್ಯಳಾದಳು. ಹೊಲಸನ್ನು ತೆಗೆಯುವವನು ಹೊಲೆಯಲ್ಲ, ಹೊಲಸನ್ನು ಮಾಡಿ ಹೋಗುವವನು ಯಾರೆಂದು ನೋಡಿರಿ ಎಂಬುದೇ ಈ ನಡೆಯ ತಾತ್ಪರ್ಯ.

ಈ ತತ್ತ್ವವು ಮನುಷ್ಯರ ಮಟ್ಟಿಗೆ ಮಾತ್ರ ಅನ್ವಯಿಸುವುದೇ, ಅಥವಾ ಪಶುಪಕ್ಷಿಗಳಿಗೂ ಸಲ್ಲುವುದೇ? ಪ್ರಾಣಿಮಾತ್ರದಲ್ಲಿ ಅನುಕಂಪವಿರಬೇಕೆಂದು ಬೋಧಿಸಿದವರು ಒಂದು ಗೆರೆಯನ್ನೆಳೆದು ಅಲ್ಲಿಗೆ ನಿಂತಾರೆಯೇ? ಇದಕ್ಕೆ ಉತ್ತರವನ್ನು ಶಾಸ್ತ್ರವಾದದಿಂದ ಹೇಳುವುದಕ್ಕಿಂತ, ನಮ್ಮ ಕಾಲದಲ್ಲಿಯೇ ನಮ್ಮ ದೇಶದ ಈಶಾನ್ಯ ಮೂಲೆಯಲ್ಲಿ ನಡೆದ ಒಂದು ನಿಜ ಸಂಗತಿಯಿಂದ ಹೇಳುವುದು ಲೇಸು. ಅಲ್ಲಿನ ತಾಯಂದಿರು ನಮ್ಮ ವಚನಗಳನ್ನು ಓದಿದವರಲ್ಲ. ಆದರೂ ಅವರು ಮಾಡಿದ ಕಾರ್ಯವನ್ನು ನೋಡಿದರೆ, ಸತ್ಯವು ಒಂದೇ ನಾಡಿನ ಸೊತ್ತಲ್ಲವೆಂಬುದು ಮನದಟ್ಟಾಗುತ್ತದೆ.

ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಯ ಬಯಲಿನಲ್ಲಿ ಹರಗಿಲ ಎಂಬ ದೊಡ್ಡ ಜಾತಿಯ ಕೊಕ್ಕರೆಯಿದೆ. ನಿಂತರೆ ಸುಮಾರು ಐದು ಅಡಿ ಎತ್ತರ. ರೆಕ್ಕೆ ಬಿಚ್ಚಿದರೆ ಎಂಟು ಅಡಿಯ ಹರವು. ತಲೆ ಬೋಳು, ಕೊಕ್ಕು ಗೂಟದಂತೆ ದಪ್ಪ, ಕೊರಳಿನಿಂದ ಕಿತ್ತಳೆ ಬಣ್ಣದ ಚರ್ಮದ ಚೀಲವೊಂದು ಜೋಲುತ್ತಿರುತ್ತದೆ. ಅಸ್ಸಾಮಿ ನುಡಿಯಲ್ಲಿ ಹಾಡ್ ಎಂದರೆ ಎಲುಬು. ಎಲುಬನ್ನು ನುಂಗುವುದು ಎಂಬುದರಿಂದಲೇ ಅದಕ್ಕೆ ಈ ಹೆಸರು. ಮೀನು, ಕಪ್ಪೆ, ಹಾವುಗಳ ಜೊತೆಗೆ ಸತ್ತ ಪ್ರಾಣಿಗಳ ಮಾಂಸವನ್ನೂ, ಊರಿನ ಕಸದ ರಾಶಿಯಲ್ಲಿ ಕೊಳೆಯುತ್ತಿರುವುದನ್ನೂ ತಿಂದು ಅದು ಬದುಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿಯೂ ಮನೆಗಳ ಮಾಳಿಗೆಗಳ ಮೇಲೆಯೂ ಈ ಹಕ್ಕಿಗಳು ಹೇರಳವಾಗಿದ್ದವು. ನಗರದ ಹೊಲಸನ್ನು ಅವು ಎಷ್ಟು ತೆಗೆಯುತ್ತಿದ್ದವೆಂದರೆ, ಅಲ್ಲಿನ ನಗರಸಭೆಯ ಲಾಂಛನದಲ್ಲಿಯೇ ಅವುಗಳ ಚಿತ್ರಕ್ಕೆ ಸ್ಥಾನ ದೊರೆತಿತ್ತು. ಅನಂತರ ಅವು ಆ ನಗರದಿಂದ ಕಣ್ಮರೆಯಾದವು. ಈಗ ಈ ಹಕ್ಕಿ ಮರಿಮಾಡುವುದು ಅಸ್ಸಾಮು, ಬಿಹಾರದ ಭಾಗಲ್ಪುರದ ಸುತ್ತಣ ಪ್ರದೇಶ, ದೂರದ ಕಾಂಬೋಡಿಯಾ, ಇಷ್ಟು ಕಡೆಗಳಲ್ಲಿ ಮಾತ್ರ.

ಇಂತಹ ಉಪಕಾರಿಯನ್ನು ಜನರು ಏತಕ್ಕೆ ದ್ವೇಷಿಸಿದರು? ಇದನ್ನು ನ್ಯಾಯವಾಗಿ ನೋಡಬೇಕು. ಅಸ್ಸಾಮಿನಲ್ಲಿ ಹರಗಿಲವು ಕಾಡಿನ ನಡುವೆ ಗೂಡು ಕಟ್ಟುವುದು ಕಡಮೆ. ಊರೊಳಗೆ, ಮನೆಯ ಹಿತ್ತಲಲ್ಲಿ ಬೆಳೆದ ಎತ್ತರವಾದ ಮರಗಳೇ ಅದಕ್ಕೆ ಬೇಕು. ಕಾಮರೂಪ ಜಿಲ್ಲೆಯ ದದರಾ, ಪಚರಿಯಾ, ಸಿಂಗಿಮಾರಿ ಎಂಬ ಗ್ರಾಮಗಳಲ್ಲಿ ಅದು ಹೆಚ್ಚಾಗಿ ಆಶ್ರಯಿಸುವುದು ಕದಂಬವೃಕ್ಷವನ್ನು. ನಮ್ಮ ಬನವಾಸಿಯ ಅರಸುಮನೆತನವು ಹೆಸರನ್ನು ಪಡೆದ ಮರವೇ ಇದು. ಗೂಡಿನ ಕೆಳಗಿರುವುದು ಒಬ್ಬ ಬಡ ಗೃಹಸ್ಥನ ಅಂಗಳ. ತಿಂಗಳುಗಟ್ಟಲೆ ಹಿಕ್ಕೆ ಸುರಿಯುತ್ತದೆ. ಮರಿಗಳಿಗೆಂದು ತಂದ ಕೊಳೆತ ಮೀನೂ ಎಲುಬಿನ ತುಂಡುಗಳೂ ಕೆಳಗೆ ಬೀಳುತ್ತವೆ. ಮಕ್ಕಳು ಆಡುವ ಜಾಗದಲ್ಲಿ, ಬಟ್ಟೆ ಒಣಹಾಕುವ ಜಾಗದಲ್ಲಿ ನಾತ ತುಂಬುತ್ತದೆ. ಇದರ ಮೇಲೆ ಈ ಹಕ್ಕಿ ಕೇಡಿನ ಸೂಚನೆ, ರೋಗವನ್ನು ತರತಕ್ಕದ್ದು ಎಂಬ ನಂಬಿಕೆ ಬೇರೆ. ಹೀಗಿರಲಾಗಿ ಮರದ ಒಡೆಯನು ಕೊಡಲಿಯನ್ನು ಎತ್ತಿಕೊಂಡರೆ ಅವನನ್ನು ಕಟುಕನೆಂದು ಕರೆಯುವುದು ಸುಲಭ. ಅವನ ಅಂಗಳದಲ್ಲಿ ಒಂದು ದಿನ ನಿಂತು ಹಾಗೆ ಕರೆಯುವುದು ಕಷ್ಟ.

2007ನೆಯ ಇಸವಿಯಲ್ಲಿ ಇಂತಹ ಒಂದು ಅಂಗಳಕ್ಕೆ ಪೂರ್ಣಿಮಾ ದೇವಿ ಬರ್ಮನ್ ಎಂಬ ತರುಣ ಪ್ರಾಣಿಶಾಸ್ತ್ರಜ್ಞೆ ಬಂದರು. ಅವರು ಐದು ವರ್ಷದ ಮಗುವಾಗಿದ್ದಾಗ ಅಜ್ಜಿಯ ಮನೆಯನ್ನು ಸೇರಿದವರು. ತಂದೆತಾಯಿಗಳನ್ನು ನೆನೆದು ಅಳುತ್ತಿದ್ದ ಮೊಮ್ಮಗಳನ್ನು ಸಮಾಧಾನಪಡಿಸಲು, ಒಕ್ಕಲುತನದ ಆ ಅಜ್ಜಿಯು ಗದ್ದೆಬಯಲಿಗೂ ಕೆರೆದಂಡೆಗೂ ಕರೆದುಕೊಂಡು ಹೋಗಿ ಹಕ್ಕಿಗಳ ಪರಿಚಯ ಮಾಡಿಸುತ್ತಿದ್ದಳು. ಆ ಬೀಜವೇ ಮುಂದೆ ಮೊಳೆತು, ಅವರು ಹರಗಿಲವನ್ನು ಕುರಿತು ಪದವಿಗಾಗಿ ಸಂಶೋಧನೆಗೆ ತೊಡಗಿದ್ದರು. ಆಗ ಗೂಡುಗಳಿದ್ದ ಮರವೊಂದನ್ನು ಒಡೆಯನು ಕಡಿದುಹಾಕಿದ್ದನ್ನು ಅವರು ಕಂಡರು. ಮರದೊಡನೆ ಹಾರಲಾರದ ಮರಿಗಳೂ ನೆಲಕ್ಕೆ ಬಿದ್ದಿದ್ದವು. ಏತಕ್ಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ ನೆರೆದವರು ಅವರನ್ನು ಸುತ್ತುಗಟ್ಟಿ ಹಾಸ್ಯಮಾಡಿದರು. ಅವರ ಮನೆಯಲ್ಲಿ ಆಗ ಎಳೆಯ ಅವಳಿ ಹೆಣ್ಣುಮಕ್ಕಳಿದ್ದರು. ನೆಲದ ಮೇಲಿನ ಮರಿಗಳನ್ನು ಕಂಡ ತಾಯಿಯ ಕರುಳು ಹೇಗಾಗಿರಬೇಕೆಂಬುದನ್ನು ತಾಯಂದಿರಿಗೆ ವಿವರಿಸಬೇಕಾದುದಿಲ್ಲ.

ಆಗ ಅವರ ಮುಂದೆ ಎರಡು ದಾರಿಗಳಿದ್ದವು. ಕಾನೂನಿನ ಹೆಸರು ಹೇಳಿ ಬೆದರಿಸುವುದು ಒಂದು. ತಮ್ಮ ಓದನ್ನು ಮುಗಿಸಿಕೊಂಡು ಹೋಗುವುದು ಇನ್ನೊಂದು. ಎರಡನ್ನೂ ಅವರು ಹಿಡಿಯಲಿಲ್ಲ. ಈ ಹಕ್ಕಿಯನ್ನು ಊರಿನವರೇ ಕಾಯದೆ ಬೇರೆ ಯಾರೂ ಕಾಯಲಾರರೆಂದು ತಿಳಿದು, ಪದವಿಯ ಕೆಲಸವನ್ನು ಬದಿಗಿಟ್ಟು ಊರಿನ ಬಾಗಿಲುಗಳನ್ನು ತಟ್ಟಿದರು. ಆ ಪದವಿ ಅವರಿಗೆ ದೊರೆತದ್ದು 2019ರಲ್ಲಿ. ಅರಿವು ಆಚಾರಕ್ಕೆ ಬರದಿದ್ದರೆ ಅದು ಹೊರೆಯೆಂದು ನಾವು ಕೇಳಿದ್ದೇವೆ; ಆಚಾರಕ್ಕಾಗಿ ಅರಿವಿನ ಬಿರುದನ್ನೇ ಕಾಯಿಸಿದವರನ್ನು ಇಲ್ಲಿ ಕಾಣುತ್ತೇವೆ.

ಅವರು ಮೊದಲು ಸೇರಿಸಿದ್ದು ಹೆಂಗಸರನ್ನು. ಇದರಲ್ಲಿ ಒಂದು ಮರ್ಮವಿದೆ. ಮರವು ಗಂಡಸಿನ ಹೆಸರಿನಲ್ಲಿರಬಹುದು. ಮರದ ಕೆಳಗಿನ ಅಂಗಳವನ್ನು ದಿನವೂ ಗುಡಿಸುವವಳು ಹೆಂಗಸು. ಹಿಕ್ಕೆಯ ನಾತವನ್ನು ಮೊದಲು ಉಣ್ಣುವವಳೂ ಅವಳೇ, ಕೊಡಲಿಯನ್ನು ತಾ ಎಂದು ಹೇಳಬಲ್ಲವಳೂ ಅವಳೇ, ಬೇಡವೆಂದು ತಡೆಯಬಲ್ಲವಳೂ ಅವಳೇ. ಅವಳ ಮನಸ್ಸು ತಿರುಗಿದರೆ ಮನೆಯ ಮನಸ್ಸು ತಿರುಗುತ್ತದೆ. ಆದರೆ ಹಳ್ಳಿಯ ಗೃಹಿಣಿ ಉಪನ್ಯಾಸಕ್ಕೆ ಬರುವಳೇ? ಆದಕಾರಣ ಪಿಠಾ ಎಂಬ ಅಕ್ಕಿಯ ತಿಂಡಿ ಮಾಡುವ ಸ್ಪರ್ಧೆಗಳನ್ನು ಏರ್ಪಡಿಸಿದರು. ತಿಂಡಿಯ ನೆಪದಲ್ಲಿ ಹೆಂಗಸರು ಕೂಡಿದರು. ಕೂಡಿದಲ್ಲಿ ಹಕ್ಕಿಯ ಮಾತು ಬಂದಿತು. ಅದರ ಹುಟ್ಟು, ಅದರ ಕೆಲಸ, ಲೋಕದಲ್ಲಿ ಅದು ಎಷ್ಟು ವಿರಳವಾಗಿದೆಯೆಂಬುದು, ಇವೆಲ್ಲ ಮನೆಮಾತಿನಂತೆ ಹರಡಿದವು.

ಅನಂತರ ಇನ್ನೂ ದೊಡ್ಡ ಕಾರ್ಯ ನಡೆಯಿತು. ಅಸ್ಸಾಮಿನಲ್ಲಿ ಬಸುರಿ ಹೆಣ್ಣುಮಗಳಿಗೆ ಪಂಚಾಮೃತವೆಂಬ ಶುಭಕಾರ್ಯ ಮಾಡುತ್ತಾರೆ. ನಮ್ಮಲ್ಲಿ ಸೀಮಂತವೆಂದೋ ಕುಬುಸವೆಂದೋ ಕರೆಯುವುದಕ್ಕೆ ಇದು ಸಮಾನ. ಹರಗಿಲಗಳು ಗೂಡು ಕಟ್ಟುವ ಕಾಲದಲ್ಲಿ ಅದೇ ಕಾರ್ಯವನ್ನು ಊರ ಹೆಂಗಸರು ಕೂಡಿ ಆ ಹಕ್ಕಿಗಳಿಗೆ ಮಾಡಿದರು. ಹಾಡು ಹೇಳಿದರು, ಆರತಿ ಬೆಳಗಿದರು. ಅಂದಿನಿಂದ ಮರದ ಮೇಲಿರುವುದು ಪೀಡೆಯಾಗಿ ಉಳಿಯಲಿಲ್ಲ. ಹೆರಿಗೆಗೆಂದು ತವರಿಗೆ ಬಂದ ಮಗಳಾಯಿತು. ಬಾಣಂತಿಯ ಕೋಣೆಯಲ್ಲಿ ನಾತವಿದೆಯೆಂದು ಯಾವ ತಾಯಿ ಮನೆಯನ್ನು ಕೆಡವುತ್ತಾಳೆ? ನಾತ ಹೋಗಲಿಲ್ಲ, ಹಿಕ್ಕೆ ನಿಲ್ಲಲಿಲ್ಲ. ಹೋದದ್ದು ಸೂತಕ ಮಾತ್ರ. ಯಾರನ್ನೂ ಅನ್ಯರೆಂದು ಎಣಿಸದೆ ಮನೆಯ ಮಕ್ಕಳೆಂದೇ ಎಣಿಸುವ ಬುದ್ಧಿಯನ್ನು ಬಸವಣ್ಣನವರು ದೇವರಲ್ಲಿ ಬೇಡಿದ್ದನ್ನು ನಾವು ಬಲ್ಲೆವು. ಆ ಬೇಡಿಕೆಯು ಒಂದು ಕೊಳಕು ಹಕ್ಕಿಯ ತನಕ ಚಾಚಿದರೆ ಹೇಗಿರುವುದೆಂಬುದನ್ನು ಈ ತಾಯಂದಿರು ತೋರಿಸಿಕೊಟ್ಟರು.

ಇಲ್ಲಿ ಒಂದು ಸಂಶಯ ಹುಟ್ಟಬಹುದು. ಹಕ್ಕಿಗೆ ಸೀಮಂತವೇ? ಬರಿಯ ಆಚರಣೆಗಳನ್ನು ಶರಣರು ಖಂಡಿಸಿದರಲ್ಲವೆ, ಇದು ಮೂಢಾಚಾರವಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದುದೇ. ಶರಣರು ಖಂಡಿಸಿದ ಆಚರಣೆ ಯಾವುದು? ಕಲ್ಲಿನ ನಾಗರಕ್ಕೆ ಹಾಲನ್ನೆರೆದು ಜೀವಂತ ನಾಗರವನ್ನು ಹೊಡೆಯುವಂತಹದು, ಎಂದರೆ ಕೈಯ ಪೂಜೆಗೂ ಮನೆಯ ನಡೆಗೂ ಸಂಬಂಧವಿಲ್ಲದಂತಹದು. ಈ ತಾಯಂದಿರು ಹಕ್ಕಿಯಿಂದ ವರವನ್ನು ಬೇಡಲಿಲ್ಲ. ಶಾಪಕ್ಕೆ ಅಂಜಿ ಆರತಿ ಎತ್ತಲಿಲ್ಲ. ಜೀವಂತ ಹಕ್ಕಿಯ ಮುಂದೆ ನಿಂತು, ಇನ್ನು ಮುಂದೆ ನಿನ್ನ ಮರಿಗಳ ಭಾರ ನಮ್ಮದೆಂದು ಹತ್ತು ಮಂದಿಯ ಸಮಕ್ಷಮದಲ್ಲಿ ಹೊಣೆಹೊತ್ತರು. ಹೊಣೆಯನ್ನು ಕಳೆಯುವ ಆಚರಣೆ ಮೌಢ್ಯ. ಹೊಣೆಯನ್ನು ಹೊರಿಸುವ ಆಚರಣೆ ದೀಕ್ಷೆ. ಈ ಭೇದವನ್ನು ತಿಳಿದರೆ ಸಂಶಯ ನಿಲ್ಲದು.

ಹೊಣೆಯು ಬಾಯಿಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಸಾಕ್ಷಿಗಳಿವೆ. ಗಾಳಿಮಳೆಗೆ ಗೂಡಿನಿಂದ ಬೀಳುವ ಮರಿಗಳು ಸಾಯದಂತೆ ಮರಗಳ ಕೆಳಗೆ ಬಲೆಗಳನ್ನು ಕಟ್ಟಿದರು. ಗಾಯಗೊಂಡ ಮರಿಗಳನ್ನು ಗುವಾಹಾಟಿಯ ಮೃಗಾಲಯಕ್ಕೆ ಒಯ್ದು ಆರೈಕೆ ಮಾಡಿಸುವ ಏರ್ಪಾಡಾಯಿತು. ಮರಗಳನ್ನು ಉಳಿಸಿದ ಒಡೆಯರನ್ನು ಸಭೆಗಳಲ್ಲಿ ಕರೆದು ಗೌರವಿಸಿದರು; ಹಿಂದೆ ನಗೆಗೀಡು ಮಾಡುತ್ತಿದ್ದವರೇ ಮರವನ್ನು ಕಾಯುವವರಾದರು. ಗೂಡುಮರಗಳ ಹತ್ತಿರವೂ ಜೌಗುನೆಲಗಳ ಅಂಚಿನಲ್ಲಿಯೂ 2022ರ ವೇಳೆಗೆ 45,000 ಸಸಿಗಳನ್ನು ನೆಡಿಸಿದರು. ಈ ತಾಯಂದಿರ ಕೂಟಕ್ಕೆ ಹರಗಿಲ ಸೇನೆ ಎಂಬ ಹೆಸರು ಬಂದಿದೆ. ಅದರಲ್ಲಿ ಈಗ 10,000ಕ್ಕೂ ಹೆಚ್ಚು ಹೆಂಗಸರಿದ್ದಾರೆ. ಪೂರ್ಣಿಮಾ ದೇವಿಯವರನ್ನು ಊರವರು ಹರಗಿಲ ಬಾಯ್ದೇವು ಎನ್ನುತ್ತಾರೆ. ಬಾಯ್ದೇವು ಎಂದರೆ ಅಕ್ಕ. ಆ ಸಂಬೋಧನೆಯ ಬೆಲೆಯನ್ನು ಕನ್ನಡಿಗರಿಗೆ ಹೇಳಬೇಕೆ?

ಕಾಯಕದ ಮಾತನ್ನು ಬಿಟ್ಟರೆ ಈ ಕಥನ ಅರ್ಧವಾದೀತು. ಹಸಿದವಳಿಗೆ ಹಕ್ಕಿಯ ಮೇಲೆ ಕನಿಕರಪಡೆಂದು ಹೇಳುವುದು ಉಂಡವರ ಉಪದೇಶವಾಗುತ್ತದೆ. ಅಸ್ಸಾಮಿನ ಹಳ್ಳಿಗಳಲ್ಲಿ ಮಗ್ಗವು ಹೆಣ್ಣಿನ ಕೈಯಲ್ಲಿದೆ. ನೇಯುವುದನ್ನು ಮಗಳು ತಾಯಿಯಿಂದ ಕಲಿಯುತ್ತಾಳೆ. ಹೆಂಗಸರಿಗೆ ಮಗ್ಗಗಳನ್ನೂ ನೂಲನ್ನೂ ಒದಗಿಸಿ, ಸೀರೆಗಳ ಮೇಲೂ, ಗಮೋಸಾ ಎಂಬ ಅವರ ಗೌರವದ ವಸ್ತ್ರದ ಮೇಲೂ ಹರಗಿಲದ ಚಿತ್ರವನ್ನು ನೇಯಿಸಲಾಯಿತು. ಯಾವ ಹಕ್ಕಿಯನ್ನು ಕಂಡು ಬಾಗಿಲು ಮುಚ್ಚುತ್ತಿದ್ದರೋ ಅದೇ ಹಕ್ಕಿಯು ಸೆರಗಿನ ಮೇಲೆ ಬಂದು ನಿಂತಿತು. ಮಾರಿದ ಬಟ್ಟೆಯಿಂದ ಮನೆಗೆ ನಾಲ್ಕು ಕಾಸೂ ಬಂದಿತು. ನೂಲುವುದನ್ನೇ ಕಾಯಕವಾಗಿಸಿಕೊಂಡು ಆ ರಾಟೆಯಲ್ಲಿಯೇ ಪರತತ್ತ್ವವನ್ನು ಕಂಡ ಕದಿರೆ ರೆಮ್ಮವ್ವೆಯ ನೆನಪು ಇಲ್ಲಿ ನಮಗಾಗದಿರದು. ದಯೆಯು ಕಾಯಕದೊಳಗೆ ಸೇರಿದರೆ ಮಾತ್ರ ಬಾಳುತ್ತದೆ. ಕಾಯಕದ ಹೊರಗೆ ನಿಂತ ದಯೆ ಹಬ್ಬದ ದಿನದ ಅತಿಥಿಯಷ್ಟೇ.

ಇನ್ನು ಫಲವನ್ನು ನೋಡೋಣ. ಮೊದಲಿಗೆ ಆ ಮೂರು ಗ್ರಾಮಗಳಲ್ಲಿ ಎಣಿಕೆಗೆ ಸಿಕ್ಕಿದ್ದ ಗೂಡುಗಳು 28. 2022ರ ವೇಳೆಗೆ ಅವು 250ನ್ನು ಮೀರಿದ್ದವು. ಲೋಕದಲ್ಲಿಯೇ ಈ ಹಕ್ಕಿಯ ಅತಿ ದೊಡ್ಡ ನೆಲೆಯೆಂಬ ಕೀರ್ತಿ ಆ ಹಳ್ಳಿಗಳಿಗೆ ಬಂದಿತು. ಅದೇ ವರ್ಷ ವಿಶ್ವಸಂಸ್ಥೆಯ ಪರಿಸರ ವಿಭಾಗವು ಪೂರ್ಣಿಮಾ ದೇವಿಯವರನ್ನು ಸನ್ಮಾನಿಸಿತು. ಅಳಿವಿನಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೀಡಾದ ವರ್ಗದಲ್ಲಿದ್ದ ಹರಗಿಲವನ್ನು 2023ರಲ್ಲಿ ಅದಕ್ಕಿಂತ ಕಡಮೆ ಗಂಡಾಂತರದ ವರ್ಗಕ್ಕೆ ಸೇರಿಸಲಾಯಿತು. ಇದು ಬಂದೂಕು ಹಿಡಿದ ಕಾವಲುಗಾರರಿಂದ ಆದುದಲ್ಲ. ಪೊರಕೆ ಹಿಡಿದ, ಮಗ್ಗದ ಮುಂದೆ ಕುಳಿತ, ಹಿಟ್ಟು ನಾದುವ ಕೈಗಳಿಂದ ಆದುದು.

ಹಾಗೆಂದು ಭಯ ತೀರಿತೆಂದು ಭಾವಿಸಕೂಡದು. ಗುವಾಹಾಟಿಯ ಬಳಿಯ ದೀಪರ್ ಬೀಲ್ ಎಂಬ ದೊಡ್ಡ ಸರೋವರದ ಮಗ್ಗುಲಲ್ಲಿ ನಗರದ ಕಸದ ಗುಡ್ಡಗಳು ಬೆಳೆದವು. ಮೀನಿನ ಜೌಗುನೆಲಗಳು ಕುಗ್ಗಿದಂತೆಲ್ಲ ಹರಗಿಲಗಳು ಹಿಂಡುಹಿಂಡಾಗಿ ಆ ಕಸದಲ್ಲಿಯೇ ಆಹಾರ ಹುಡುಕಬೇಕಾಯಿತು. ಪ್ಲಾಸ್ಟಿಕ್ಕೂ ವಿಷವೂ ಬೆರೆತ ಆ ರಾಶಿ ಯಾರದು? ಹಕ್ಕಿಯದಲ್ಲ. ಆಯ್ದು ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಇಂತಹ ರಾಶಿ ಹುಟ್ಟಲು ಸಾಧ್ಯವಿತ್ತೇ? ಮಿತಿಯರಿಯದ ಸಂಗ್ರಹದ ಕೊನೆ ಕಸದ ಗುಡ್ಡ. ಆ ಗುಡ್ಡವನ್ನು ತಿಂದು ತೀರಿಸುವ ಹಕ್ಕಿಗೆ ನಾವು ಇಟ್ಟ ಹೆಸರು ಹೊಲಸು ಹಕ್ಕಿ!

ಇದೆಲ್ಲ ದೂರದ ಸುದ್ದಿ, ನಮಗೇನು ಎನ್ನುವವರು ನಮ್ಮ ನಾಡಿನ ಕಡೆಗೊಮ್ಮೆ ನೋಡಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ ಮುಂತಾದ ಮರಗಳ ಮೇಲೆ ತಲೆತಲಾಂತರದಿಂದ ಗೂಡು ಕಟ್ಟುತ್ತಿವೆ. ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂಬ ಭಾವದಿಂದ ಊರವರು ಅವನ್ನು ಕಾಣುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಎರಡು ನಾಡುಗಳಿಗೂ ಹೊಳೆದ ಉಪಮೆ ಒಂದೇ, ತವರಿಗೆ ಬಂದ ಮಗಳು. ಆದರೆ ಬೆಳ್ಳೂರಿನವರಿಗೆ ಆ ಹಕ್ಕಿಗಳು ಮೊದಲಿನಿಂದಲೂ ಶುಭಕರ. ಅಸ್ಸಾಮಿನ ತಾಯಂದಿರು ಅಶುಭವೆಂದು ಹೆಸರಾದುದನ್ನು ಶುಭಕ್ಕೆ ತಿರುಗಿಸಬೇಕಾಯಿತು. ಪಿತ್ರಾರ್ಜಿತ ದಯೆ ದೊಡ್ಡದು, ಸ್ವಯಾರ್ಜಿತ ದಯೆ ಇನ್ನೂ ದೊಡ್ಡದು.

ಆ ಸ್ವಯಾರ್ಜಿತ ದಯೆ ನಮಗೆ ಬೇಕಾಗಿದ್ದ ಕಾಲದಲ್ಲಿ ಒದಗಲಿಲ್ಲವೆಂಬುದಕ್ಕೆ ರಣಹದ್ದಿನ ಗತಿಯೇ ಸಾಕ್ಷಿ. ಸತ್ತ ದನವನ್ನು ಗಳಿಗೆಯೊಳಗೆ ಎಲುಬು ಮಾತ್ರ ಉಳಿಯುವಂತೆ ಮಾಡುತ್ತಿದ್ದ ಆ ಹಕ್ಕಿಯೂ ನಮಗೆ ಅಪಶಕುನವೇ ಆಗಿತ್ತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು. 1990ರ ದಶಕದಿಂದೀಚೆಗೆ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನಶಿಸಿಹೋದವು. ಆ ಔಷಧವನ್ನು ದನಗಳಿಗೆ ಕೊಡುವುದನ್ನು ಸರಕಾರ ನಿಷೇಧಿಸಿದ್ದು 2006ರಲ್ಲಿ. ರಾಮನಗರದ ರಾಮದೇವರ ಬೆಟ್ಟವು ರಣಹದ್ದುಗಳ ಧಾಮವಾದದ್ದು 2012ರಲ್ಲಿ. ಅಷ್ಟರೊಳಗೆ ಆಕಾಶ ಬರಿದಾಗಿತ್ತು. ಅವು ಹೋಗುತ್ತಿರುವಾಗ ಬಹುಮಂದಿ ತಲೆಯೆತ್ತಿ ನೋಡಲಿಲ್ಲ, ಏತಕ್ಕೆಂದರೆ ಅವುಗಳನ್ನು ನಮ್ಮವೆಂದು ಯಾರೂ ಎಣಿಸಿರಲಿಲ್ಲ. ಸೂತಕದ ಬೆಲೆ ಇಷ್ಟು ಭಾರವಾದುದು.

ಆದಕಾರಣ ಸದ್ಭಕ್ತರಲ್ಲಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕಾಗಿದೆ. ನಿಮ್ಮ ಹಿತ್ತಲಿನ ಮರವನ್ನು ಕಡಿಯುವ ಮೊದಲು ಒಂದು ಸಾರಿ ತಲೆಯೆತ್ತಿ ನೋಡಿರಿ. ಗೂಡಿದ್ದರೆ ಮರಿಗಳು ಹಾರುವ ತನಕವಾದರೂ ಕೊಡಲಿಯನ್ನು ಮೂಲೆಗಿಡಿರಿ. ದನಗಳಿಗೆ ಔಷಧ ಕೊಡಿಸುವಾಗ ನಿಷಿದ್ಧವಾದುದನ್ನು ಕೊಡಕೂಡದೆಂದು ವೈದ್ಯರಿಗೆ ಹೇಳಿರಿ. ಗೂಬೆ, ಹದ್ದು, ಬಾವಲಿಗಳನ್ನು ಕಂಡಾಗ ಮಕ್ಕಳಿಗೆ ಅಪಶಕುನದ ಕಥೆ ಹೇಳುವುದನ್ನು ನಿಲ್ಲಿಸಿ, ಅವುಗಳ ಕಾಯಕ ಏನೆಂಬುದನ್ನು ಹೇಳಿಕೊಡಿರಿ. ಗೂಬೆ ಇಲಿಯನ್ನು ಹಿಡಿಯುತ್ತದೆ; ಹದ್ದು ಹೊಲಸನ್ನು ತೆಗೆಯುತ್ತದೆ; ಬಾವಲಿ ಬೀಜವನ್ನು ಬಿತ್ತುತ್ತದೆ. ಕಾಯಕ ಮಾಡುವುದಕ್ಕೆ ಶಕುನವೇಕೆ? ನಾಲ್ಕನೆಯದಾಗಿ, ಊರಿನ ಕೆರೆ, ಮರ, ಗೋಮಾಳಗಳ ವಿಚಾರ ಬಂದಾಗ ಗಂಡಸರೇ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸದೆ, ಅಂಗಳ ಗುಡಿಸುವವಳನ್ನೂ ನೀರು ತರುವವಳನ್ನೂ ಕರೆದು ಕೂರಿಸಿರಿ. ಅನುಭವಮಂಟಪದಲ್ಲಿ ಶರಣೆಯರಿಗೆ ಸಮನಾದ ಆಸನವಿತ್ತೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಊರಕಟ್ಟೆಯ ಮೇಲೆ ಅವರಿಗೆ ಎಷ್ಟು ಜಾಗ ಬಿಟ್ಟಿದ್ದೇವೆಂಬುದನ್ನು ಅಳೆದುಕೊಳ್ಳಬೇಕು.

ತಾಯಂದಿರೇ, ನಿಮಗೆ ಬೇರೆ ಉಪದೇಶ ಬೇಕಾಗಿಲ್ಲ. ಜೋಗುಳ, ಕುಬುಸ, ರಂಗವಲ್ಲಿ, ಕೌದಿ, ಮಗ್ಗ, ಒಲೆ, ಇವು ನಿಮ್ಮ ಕೈಯಲ್ಲಿರುವ ಸಾಧನಗಳು. ಒಂದು ಜೀವವನ್ನು ಮನೆಯೊಳಗೆ ಬರಮಾಡಿಕೊಳ್ಳುವ ವಿದ್ಯೆ ನಿಮಗೆ ಹುಟ್ಟಿನಿಂದ ಬಂದಿದೆ. ಅದರ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯುವುದಷ್ಟೇ ಉಳಿದಿದೆ. ಲೋಕವು ತಳ್ಳಿದ ಜೀವವೊಂದು ನಿಮ್ಮ ಮರದ ಮೇಲೆ ಬಂದು ಕುಳಿತರೆ, ಅದನ್ನು ಕಳುಹಿಸಿದವನು ಯಾರೆಂದು ಒಂದು ಗಳಿಗೆ ಯೋಚಿಸಿರಿ. ಹೊಲಸನ್ನುಂಡು ಲೋಕವನ್ನು ಶುಚಿಗೊಳಿಸುವ ಆ ಜೀವದಲ್ಲಿಯೂ ಶಿವನ ಕಳೆಯನ್ನು ಕಾಣುವ ಕಣ್ಣು ಸರ್ವರಿಗೂ ದೊರೆಯಲೆಂದು ಹಾರೈಸುತ್ತೇವೆ.